ನೆರೆಯವನ ಬಗ್ಗೆ ನಮಗಿರುವ ಹೊಣೆ



2019ರ ಡಿಸೆಂಬರ್ 2ರ ನಸುಕಿನಲ್ಲಿ ಮೇಟ್ಟುಪಾಳಯಂ ಬಳಿಯ ನಡೂರಿನಲ್ಲಿ ನಡೆದುದನ್ನು ನಮ್ಮ ತುಡಿಯಲೂರು ಭಾಗದವರು ಮರೆತಿರಲಾರರು. ರಾತ್ರಿಯೆಲ್ಲ ಸುರಿದ ಮಳೆಗೆ ನೆನೆದ ಸುಮಾರು 20 ಅಡಿ ಎತ್ತರದ ಕಲ್ಲಿನ ಕಾಂಪೌಂಡು ಗೋಡೆಯೊಂದು ಪಕ್ಕದ ಬಡವರ ಮನೆಗಳ ಮೇಲೆ ಕುಸಿಯಿತು. ಹೆಂಗಸರು, ಮಕ್ಕಳು ಸೇರಿ 17 ಜನ ಮಲಗಿದ್ದಲ್ಲಿಯೇ ಪ್ರಾಣಬಿಟ್ಟರು. ಗೋಡೆಯ ಒಡೆಯರನ್ನು ಪೊಲೀಸರು ಬಂಧಿಸಿದರು.

ಇಂತಹ ಸಾವು ಬಂದಾಗ ‘ಮಳೆ ಬಂತು, ಗೋಡೆ ಬಿತ್ತು, ಎಲ್ಲ ದೇವರ ಚಿತ್ತ’ ಎಂದು ಹೇಳಿಬಿಡುವುದು ನಮ್ಮ ರೂಢಿ. ಮಳೆಯನ್ನು ದೇವರು ಕಳುಹಿಸಿರಬಹುದು. ಗೋಡೆಯನ್ನು ಕಟ್ಟಿದವರು ಮನುಷ್ಯರು. ಆದ್ದರಿಂದ ಕಾನೂನು ಅಷ್ಟಕ್ಕೇ ಸುಮ್ಮನಾಗದೆ ಮೂರು ಪ್ರಶ್ನೆಗಳನ್ನು ಕೇಳುತ್ತದೆ. ಹಾನಿಗೊಳಗಾದವರ ಬಗ್ಗೆ ಎಚ್ಚರ ವಹಿಸುವ ಹೊಣೆ ಇವನಿಗಿತ್ತೆ? ಆ ಹೊಣೆಯಲ್ಲಿ ಇವನು ತಪ್ಪಿದನೆ? ಆ ತಪ್ಪಿನಿಂದಲೇ ಹಾನಿಯಾಯಿತೆ? ಮೂರಕ್ಕೂ ‘ಹೌದು’ ಎಂಬ ಉತ್ತರ ಬಂದರೆ ಅದೇ ನಿರ್ಲಕ್ಷ್ಯ. ಕೆಟ್ಟ ಉದ್ದೇಶ ಇರಬೇಕಾಗಿಲ್ಲ. ‘ನಾನು ಬೇಕೆಂದು ಮಾಡಲಿಲ್ಲ’ ಎಂಬ ಮಾತು ಇಲ್ಲಿ ಪೂರ್ಣ ಉತ್ತರವಾಗುವುದಿಲ್ಲ.

ಈ ನಿಯಮ ಇಂದಿನ ರೂಪ ಪಡೆದದ್ದು ಒಂದು ಬಸವನಹುಳುವಿನ ಮೊಕದ್ದಮೆಯಿಂದ. 1928ರಲ್ಲಿ ಸ್ಕಾಟ್ಲೆಂಡಿನ ಪೇಸ್ಲಿ ಎಂಬ ಊರಿನ ಹೋಟೆಲಿನಲ್ಲಿ ಒಬ್ಬ ಹೆಂಗಸಿಗೆ ಆಕೆಯ ಗೆಳತಿ ಶುಂಠಿಯ ಪಾನೀಯ ಕೊಡಿಸಿದಳು. ಸೀಸೆಯ ಗಾಜು ಕಪ್ಪಾಗಿದ್ದುದರಿಂದ ಒಳಗಿದ್ದುದು ಕಾಣುವಂತಿರಲಿಲ್ಲ. ಅರ್ಧ ಕುಡಿದ ಮೇಲೆ ಕೊಳೆತ ಬಸವನಹುಳು ಹೊರಬಂತೆಂದೂ, ಅದರಿಂದ ತಾನು ಕಾಯಿಲೆ ಬಿದ್ದೆನೆಂದೂ ಆಕೆ ದಾವೆ ಹೂಡಿದಳು. ಹಣ ಕೊಟ್ಟವಳು ಆಕೆಯಲ್ಲ. ತಯಾರಕನೊಡನೆ ಆಕೆಗೆ ಯಾವ ಒಪ್ಪಂದವೂ ಇರಲಿಲ್ಲ. ಹೀಗಿದ್ದರೂ ಕುಡಿಯುವವರ ಬಗ್ಗೆ ತಯಾರಕನಿಗೆ ಹೊಣೆಯುಂಟೆಂದು 1932ರಲ್ಲಿ ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠ ತೀರ್ಮಾನಿಸಿತು. ಆ ತೀರ್ಪಿನಲ್ಲಿ ನ್ಯಾಯಾಧೀಶ ಲಾರ್ಡ್ ಆಟ್ಕಿನ್ ಅವರು ಸಂತ ಲೂಕನ ಶುಭಸಂದೇಶದಲ್ಲಿ ಧರ್ಮಶಾಸ್ತ್ರಿಯೊಬ್ಬ ಪ್ರಭುವಿಗೆ ಹಾಕಿದ ಪ್ರಶ್ನೆಯನ್ನೇ ಎತ್ತಿಕೊಂಡರು: ನನ್ನ ನೆರೆಯವನು ಯಾರು? ನಮ್ಮ ಕೆಲಸದಿಂದಾಗಲಿ, ಕೆಲಸ ಬಿಟ್ಟದ್ದರಿಂದಾಗಲಿ ಯಾರಿಗೆ ತೊಂದರೆಯಾದೀತೆಂದು ಮೊದಲೇ ಊಹಿಸಬಹುದೋ ಅವರೆಲ್ಲರೂ ಕಾನೂನಿನ ಕಣ್ಣಿನಲ್ಲಿ ನಮ್ಮ ನೆರೆಯವರೇ ಎಂಬುದು ಅವರ ಉತ್ತರದ ಸಾರ.

ಈಗ ನಮ್ಮ ಮನೆಗಳಿಗೆ ಬರೋಣ. ತೋಟಕ್ಕೆ ಹೊಡೆದು ಮಿಕ್ಕ ಕೀಟನಾಶಕವನ್ನು ಹಳೆಯ ತಂಪುಪಾನೀಯದ ಬಾಟಲಿಗೆ ಸುರಿದು ಅಡಿಗೆಮನೆಯ ಮೂಲೆಯಲ್ಲಿಡುವವರು ನಮ್ಮಲ್ಲಿಲ್ಲವೆ? ಬಾಯಾರಿ ಬಂದ ಮಗು ಅದನ್ನು ಕುಡಿದೀತೆಂದು ಊಹಿಸುವುದಕ್ಕೆ ಕಾನೂನು ಓದಬೇಕಾಗಿಲ್ಲ. ಔಷಧ ಅದರದೇ ಡಬ್ಬಿಯಲ್ಲಿ, ಲೇಬಲ್ ಸಮೇತ, ಬೀಗದೊಳಗಿರಲಿ. ಕೂಲಿಯಾಳಿಗೆ ಔಷಧ ಹೊಡೆಯಲು ಹೇಳುವ ಯಜಮಾನ ಕೈಗವಸು ಕೊಡಬೇಕು, ಮೂಗು-ಬಾಯಿ ಮುಚ್ಚಿಕೊಳ್ಳಲು ಮುಸುಕು ಕೊಡಬೇಕು, ಕೆಲಸ ಮುಗಿದ ಮೇಲೆ ಸೋಪು-ನೀರು ಒದಗಿಸಬೇಕು. ಆಳು ಬೇಡವೆಂದರೂ ಕೊಡುವುದು ಯಜಮಾನನ ಹೊಣೆ.

ಇನ್ನು ಕೊಳವೆಬಾವಿಯ ವಿಷಯ. ನಡೂರಿನ ದುರಂತಕ್ಕೆ ಕೆಲವೇ ವಾರಗಳ ಮೊದಲು, 2019ರ ಅಕ್ಟೋಬರಿನಲ್ಲಿ, ತಿರುಚಿನಾಪಳ್ಳಿ ಜಿಲ್ಲೆಯ ಮಣಪ್ಪಾರೈ ಬಳಿ ಎರಡು ವರ್ಷದ ಮಗುವೊಂದು ಬಳಸದೆ ಬಿಟ್ಟ ಕೊಳವೆಬಾವಿಗೆ ಬಿತ್ತು. ನಾಲ್ಕು ದಿನ ಇಡೀ ನಾಡು ಪ್ರಾರ್ಥಿಸಿತು. ಕೊನೆಗೆ ಸಿಕ್ಕಿದ್ದು ಮಗುವಿನ ಶರೀರ ಮಾತ್ರ. ಇಂತಹ ಸಾವುಗಳನ್ನು ತಡೆಯಲೆಂದು ಸುಪ್ರೀಂ ಕೋರ್ಟು 2010ರಲ್ಲಿಯೇ ಸ್ಪಷ್ಟ ನಿರ್ದೇಶನ ನೀಡಿತ್ತು. ಬಾವಿ ಕೊರೆಸುವ ಮೊದಲು ಜಮೀನಿನ ಒಡೆಯ 15 ದಿನ ಮುಂಚಿತವಾಗಿ ಅಧಿಕಾರಿಗಳಿಗೆ ಬರೆದು ತಿಳಿಸಬೇಕು. ಕೊರೆಯುವಾಗ ಸುತ್ತ ಮುಳ್ಳುತಂತಿಯ ಬೇಲಿ ಇರಬೇಕು. ಕೇಸಿಂಗ್ ಪೈಪಿನ ಸುತ್ತ ಸಿಮೆಂಟಿನ ಕಟ್ಟೆ ಕಟ್ಟಿ, ಬಾಯಿಗೆ ಉಕ್ಕಿನ ಮುಚ್ಚಳ ಭದ್ರಪಡಿಸಬೇಕು. ನೀರು ಬಾರದೆ ಕೈಬಿಟ್ಟ ಬಾವಿಯನ್ನು ಮಣ್ಣು, ಮರಳು, ಕಲ್ಲುಗಳಿಂದ ತಳದಿಂದ ನೆಲಮಟ್ಟದವರೆಗೂ ತುಂಬಿಸಬೇಕು. ಗೋಣಿಚೀಲ ಹೊದಿಸಿ ಮೇಲೊಂದು ಕಲ್ಲಿಟ್ಟರೆ ಅದು ಮುಚ್ಚಿದ ಬಾವಿಯಾಗದು.

ಇದು ಹೊಸ ಮಾತೇನೂ ಅಲ್ಲ. ಗುಂಡಿ ತೋಡಿ ಮುಚ್ಚದೆ ಬಿಟ್ಟವನು ಅದರಲ್ಲಿ ಬಿದ್ದ ಎತ್ತು ಕತ್ತೆಗಳಿಗೆ ಬೆಲೆ ತೆರಬೇಕೆಂದು ವಿಮೋಚನಾಕಾಂಡದ 21ನೆಯ ಅಧ್ಯಾಯ ವಿಧಿಸುತ್ತದೆ. ಎತ್ತಿಗೇ ಇಷ್ಟು ಕಾಳಜಿಯಾದರೆ ಮಗುವಿಗೆ ಎಷ್ಟಿರಬೇಕು! ಇಂದಿನ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನ ಪ್ರಕಾರ ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದವನಿಗೆ ಐದು ವರ್ಷದವರೆಗೆ ಸೆರೆವಾಸ ವಿಧಿಸಬಹುದು.

ವೈದ್ಯರ ಹೊಣೆಯೂ ಇದೇ ಬೇರಿನಿಂದ ಬೆಳೆದದ್ದು. ವೈದ್ಯನಿಗೆ ಮೂರು ಹೊಣೆಗಳಿವೆ ಎಂದು ಸುಪ್ರೀಂ ಕೋರ್ಟು 1968ರಲ್ಲಿ ಹೇಳಿತು: ರೋಗಿಯನ್ನು ಕೈಗೆತ್ತಿಕೊಳ್ಳಬೇಕೆ ಎಂದು ನಿರ್ಧರಿಸುವಾಗ, ಯಾವ ಚಿಕಿತ್ಸೆ ಎಂದು ತೀರ್ಮಾನಿಸುವಾಗ, ಆ ಚಿಕಿತ್ಸೆಯನ್ನು ನೀಡುವಾಗ. ಅಪಘಾತದಲ್ಲಿ ಗಾಯಗೊಂಡವನನ್ನು ಪೊಲೀಸು ಕಾಗದಪತ್ರಕ್ಕಾಗಿ ಕಾಯಿಸದೆ ಉಪಚರಿಸಬೇಕೆಂದು 1989ರಲ್ಲಿ ವಿಧಿಸಿತು. ಹಣ ಪಡೆದು ನೀಡುವ ಚಿಕಿತ್ಸೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು 1995ರಲ್ಲಿ ತೀರ್ಪಿತ್ತಿತು. ಹೋಮಿಯೋಪತಿ ಮಾತ್ರ ಕಲಿತವರು ಅಲೋಪತಿ ಔಷಧ ಕೊಟ್ಟರೆ ಅದೇ ನಿರ್ಲಕ್ಷ್ಯವೆಂದು 1996ರಲ್ಲಿ ಸಾರಿತು. ಬಾಗಿಲಿನ ಹಲಗೆಯ ಮೇಲೆ ಬರೆದ ಪದವಿಯನ್ನು ಓದಿ ಒಳಗೆ ಹೋಗುವ ಅಭ್ಯಾಸ ಇಟ್ಟುಕೊಳ್ಳಿರಿ.

ಆದರೆ ಇಲ್ಲಿ ನ್ಯಾಯಯುತವಾಗಿ ಮಾತನಾಡಬೇಕು. ರೋಗಿ ಗುಣವಾಗದಿದ್ದ ಮಾತ್ರಕ್ಕೆ ವೈದ್ಯ ತಪ್ಪಿತಸ್ಥನಲ್ಲ. ಸಾಮಾನ್ಯ ಕೌಶಲದ ಒಬ್ಬ ವೈದ್ಯ ಅದೇ ಸ್ಥಿತಿಯಲ್ಲಿ ವಹಿಸುವಷ್ಟು ಎಚ್ಚರವನ್ನು ಈತ ವಹಿಸಿದನೆ ಎಂಬುದೇ ಅಳತೆಗೋಲು. ವೈದ್ಯರನ್ನು ಕ್ರಿಮಿನಲ್ ಅಪರಾಧಿಗಳೆಂದು ಹಿಡಿಯಲು ಘೋರ ನಿರ್ಲಕ್ಷ್ಯ ಕಾಣಬೇಕೆಂದು 2005ರಲ್ಲಿ ಸುಪ್ರೀಂ ಕೋರ್ಟು ಎಚ್ಚರಿಸಿದೆ. ದುಃಖದ ಭರದಲ್ಲಿ ಆಸ್ಪತ್ರೆಯ ಗಾಜು ಒಡೆಯುವುದರಿಂದ ಯಾರಿಗೂ ನ್ಯಾಯ ಸಿಗದು. ರೋಗಿಯ ಕಡೆಯವರಿಗೂ ಹೊಣೆಯಿದೆ. ಯಾರಾದರೂ ಔಷಧದ ವಿಷಕ್ಕೆ ಸಿಕ್ಕರೆ ಹೆದರಿ ಮುಚ್ಚಿಡದೆ ಆ ಡಬ್ಬಿಯನ್ನೇ ಆಸ್ಪತ್ರೆಗೆ ಒಯ್ಯಿರಿ. ಲೇಬಲ್ ಕಂಡರೆ ವೈದ್ಯರಿಗೆ ಸರಿಯಾದ ಚಿಕಿತ್ಸೆಯ ದಾರಿ ಬೇಗ ತಿಳಿಯುತ್ತದೆ.

ಬಿತ್ತನೆ ಬೀಜ ಮಾರುವವರೂ ಈ ಹೊಣೆಯಿಂದ ಹೊರತಲ್ಲ. ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟು 2012ರಲ್ಲಿ ಎತ್ತಿಹಿಡಿಯಿತು. ಕೊಂಡ ಬೀಜವನ್ನೆಲ್ಲ ಬಿತ್ತಿಬಿಡುವ ರೈತ ಪರೀಕ್ಷೆಗೆಂದು ಒಂದಿಷ್ಟನ್ನು ಎತ್ತಿಡುತ್ತಾನೆಂದು ನಿರೀಕ್ಷಿಸುವುದು ಸರಿಯಲ್ಲವೆಂದೂ ಹೇಳಿತು. ಆದರೂ ರಸೀತಿ, ಚೀಲ, ಚೀಲಕ್ಕೆ ಕಟ್ಟಿದ ಚೀಟಿಗಳನ್ನು ಸುಗ್ಗಿಯವರೆಗೆ ಜೋಪಾನ ಮಾಡಿರಿ. ಮೊಳಕೆ ಬಾರದಿದ್ದರೆ ಹೊಲ ಉಳುವ ಮೊದಲೇ ಕೃಷಿ ಅಧಿಕಾರಿಗೆ ತೋರಿಸಿ ಬರಹದಲ್ಲಿ ವರದಿ ಪಡೆಯಿರಿ.

ಚಿಕಿತ್ಸೆಯ ದಾಖಲೆಗಳನ್ನು ಕೇಳಿದರೆ ವೈದ್ಯರು 72 ಗಂಟೆಯೊಳಗೆ ಕೊಡಬೇಕೆಂದು 2002ರ ವೈದ್ಯಕೀಯ ನಿಯಮಾವಳಿ ಹೇಳುತ್ತದೆ. ಗ್ರಾಹಕ ದೂರನ್ನು ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಸಲ್ಲಿಸಬೇಕು. ನೀವು ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ.

ಪರಿಹಾರದ ಹಣ ಸತ್ತವರನ್ನು ಎಬ್ಬಿಸುವುದಿಲ್ಲ. ಆದ್ದರಿಂದ ಹಾನಿಯಾದ ಮೇಲೆ ಓಡಾಡುವುದಕ್ಕಿಂತ ಈ ಭಾನುವಾರ ಪೂಜೆ ಮುಗಿಸಿ ಮನೆಗೆ ಹೋದೊಡನೆ ನಾವೆಲ್ಲರೂ ಒಂದು ಸುತ್ತು ಹಾಕೋಣ. ಗೋಡೆ ವಾಲಿದೆಯೆ? ಅದರ ಬುಡದಲ್ಲಿ ನೀರು ನಿಲ್ಲುತ್ತದೆಯೆ? ಹಳೆಯ ಕೊಳವೆಬಾವಿ ತುಂಬಿಸಿದೆಯೆ? ಔಷಧದ ಡಬ್ಬಿಗೆ ಬೀಗವಿದೆಯೆ? ದೇವಾಲಯದ ಆವರಣದ ಗೋಡೆಯನ್ನು ನಾವೇ ಮೊದಲು ನೋಡುತ್ತೇವೆ. ಬಿರುಕು ಕಂಡವರು ದಯವಿಟ್ಟು ನಮಗೆ ತಿಳಿಸಿರಿ. ಸಾಮತಿಯ ಸಮಾರಿಯದವನು ಗಾಯಗೊಂಡವನನ್ನು ಎತ್ತಿ ಉಪಚರಿಸಿದನು. ನಮ್ಮಿಂದ ಯಾರೂ ಗಾಯಗೊಳ್ಳದಂತೆ ನೋಡಿಕೊಳ್ಳುವುದೂ ನೆರೆಯವನ ಪ್ರೀತಿಯೇ.