ಸೂಜಿ ಚುಚ್ಚಿದ ಗೊಂಬೆಯ ಆಚೆಗೆ

ವೂಡೂ ಎಂದ ಕೂಡಲೇ ನಮಗೆಲ್ಲ ನೆನಪಾಗುವುದು ಸೂಜಿ ಚುಚ್ಚಿದ ಗೊಂಬೆ. ಹಾಲಿವುಡ್ ಸಿನಿಮಾಗಳೂ ಮೊಬೈಲ್ ಗೇಮ್‌ಗಳೂ ಕಲಿಸಿದ ಪಾಠ ಇದು. ಆದರೆ ಕೆರಿಬಿಯನ್ ಸಮುದ್ರದ ಹೈಟಿ ದೇಶದಲ್ಲಿ ವೊಡು ಎನ್ನುವುದು ಲಕ್ಷಾಂತರ ಜನರ ಧರ್ಮ. ಗೊಂಬೆಗೂ ಅವರ ಪೂಜೆಗೂ ಹೇಳಿಕೊಳ್ಳುವಂಥ ಸಂಬಂಧವೇ ಇಲ್ಲ.

ಈ ಧರ್ಮದ ಕಥೆ ಶುರುವಾಗುವುದು ಗುಲಾಮರ ಹಡಗಿನಲ್ಲಿ. ಕಬ್ಬಿನ ತೋಟಗಳಿಗೆ ಆಳು ಬೇಕೆಂದು ಯುರೋಪಿನ ವ್ಯಾಪಾರಿಗಳು ಆಫ್ರಿಕಾದ ಲಕ್ಷಾಂತರ ಜನರನ್ನು ಸರಪಳಿ ಬಿಗಿದು ಸಾಗಿಸಿದರು. ಊರು, ಹೆಸರು, ಬಂಧುಬಳಗ ಎಲ್ಲವೂ ಹೋಯಿತು. ಉಳಿದಿದ್ದ ದೇವರನ್ನೂ ಬಿಡಬೇಕೆಂದಿತು ಕಾನೂನು. ಫ್ರಾನ್ಸ್ 1685ರಲ್ಲಿ ತಂದ ‘ಕೋಡ್ ನ್ವಾರ್’ ಪ್ರಕಾರ ಗುಲಾಮರೆಲ್ಲ ಕ್ಯಾಥೊಲಿಕ್ ದೀಕ್ಷಾಸ್ನಾನ ಪಡೆಯಲೇಬೇಕಿತ್ತು.

ಅವರು ಚರ್ಚಿಗೆ ಹೋದರು, ಆದರೆ ಸಂತರ ಚಿತ್ರಗಳನ್ನು ತಮ್ಮದೇ ಕಣ್ಣಿನಿಂದ ನೋಡಿದರು. ಕಾಲ ಬಳಿ ಹಾವುಗಳಿರುವ ಸಂತ ಪ್ಯಾಟ್ರಿಕ್‌ನಲ್ಲಿ ಸರ್ಪದೇವತೆ ದಂಬಲಾ ಕಂಡ. ಬೀಗದಕೈ ಹಿಡಿದ ಸಂತ ಪೀಟರ್, ದೇವಲೋಕದ ಬಾಗಿಲು ತೆರೆಯುವ ಲೆಗ್ಬಾ ಆದ. ಸ್ಪೇನ್ ಆಳುತ್ತಿದ್ದ ಕ್ಯೂಬಾದಲ್ಲಿ ಸಿಡಿಲಿನ ದೇವರು ಚಾಂಗೊ, ಸಿಡಿಲಿನಿಂದ ಕಾಯುವ ಸಂತ ಬಾರ್ಬರಾಳ ಜೊತೆ ಒಂದಾದ. ಗಂಡು ದೇವರಿಗೆ ಹೆಣ್ಣು ಸಂತಳ ರೂಪ!

ಇದು ಬರೀ ವೇಷವೇ? ಮೊದಮೊದಲು ಹಾಗಿದ್ದಿರಬಹುದು. ಆದರೆ ಇಂದಿಗೂ ಪ್ರತಿ ಡಿಸೆಂಬರ್ 17ರಂದು ಹವಾನಾ ಬಳಿಯ ಎಲ್ ರಿಂಕೋನ್ ಚರ್ಚಿಗೆ ಸಾವಿರಾರು ಜನ ಹರಕೆ ತೀರಿಸಲು ಬರುತ್ತಾರೆ. ಕೆಲವರು ಮಂಡಿಯೂರಿ, ತೆವಳಿಕೊಂಡೇ ಬರುತ್ತಾರೆ. ಅವರಲ್ಲಿ ಅನೇಕರಿಗೆ ಸಂತ ಲಾಜರನೂ ರೋಗ ಗುಣಪಡಿಸುವ ಬಬಲೂ ಆಯೆಯೂ ಒಬ್ಬನೇ. ತಾಮ್ರಕ್ಕೆ ತವರ ಬೆರೆತರೆ ಕಂಚಾಗುತ್ತದೆ ಎಂದು ನಾವು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಓದುತ್ತೇವೆ. ಕಂಚನ್ನು ಯಾರೂ ಕಲಬೆರಕೆ ಎನ್ನುವುದಿಲ್ಲ.

ಹಾಗೆಂದು ಇವನ್ನೆಲ್ಲ ಒಂದೇ ಚೀಲಕ್ಕೆ ತುಂಬುವಂತಿಲ್ಲ. ಹೈಟಿಯ ವೊಡುವಿನಲ್ಲಿ ಇಂದಿನ ಬೆನಿನ್ ಪ್ರದೇಶದ ಫಾನ್ ಜನರ ಮತ್ತು ಕಾಂಗೊ ಸೀಮೆಯವರ ನಂಬಿಕೆಗಳು ಗಟ್ಟಿಯಾಗಿವೆ. ಕ್ಯೂಬಾದ ಸಾಂತೇರಿಯಾದ ಬೇರು ನೈಜೀರಿಯಾ ಕಡೆಯ ಯೊರುಬಾ ಜನರಲ್ಲಿದೆ. ಟ್ರಿನಿಡಾಡ್‌ನಲ್ಲಿ ಇನ್ನೊಂದು ಎಳೆ ಸೇರಿತು. 1845ರಿಂದ ಅಲ್ಲಿಗೆ ಭಾರತದ ಕರಾರು ಕೂಲಿಗಳು ಹೋದರಲ್ಲ, ಅವರ ದೇವರುಗಳೂ ನೆರೆಹೊರೆಯವರಾದರು. ಆಫ್ರಿಕನ್ ಮೂಲದ ಕೆಲವು ಒರಿಶಾ ಗುಡಿಗಳಲ್ಲಿ ಹನುಮಂತ, ಲಕ್ಷ್ಮಿಯರಿಗೂ ಜಾಗವಿದೆ.

ಇದೇ ನಂಬಿಕೆ ಬಂಡಾಯಕ್ಕೂ ಬಲ ಕೊಟ್ಟಿತು. 1791ರ ಆಗಸ್ಟ್‌ನಲ್ಲಿ ಬ್ವಾ ಕೈಮನ್ ಎಂಬಲ್ಲಿ ನಡೆದ ವೊಡು ಪೂಜೆಯನ್ನು ಹೈಟಿಯ ಜನ ಕ್ರಾಂತಿಯ ಆರಂಭವೆಂದೇ ನೆನೆಯುತ್ತಾರೆ. 1804ರಲ್ಲಿ ದೇಶ ಸ್ವತಂತ್ರವಾಯಿತು. ಆದರೆ ವೊಡುಗೆ ಸರ್ಕಾರದ ಮಾನ್ಯತೆ ಸಿಗಲು 2003ರವರೆಗೆ ಕಾಯಬೇಕಾಯಿತು.

ಮಾನ್ಯತೆ ಸಿಕ್ಕರೂ ಕಳಂಕ ಹೋಗಲಿಲ್ಲ. 2010ರ ಭೂಕಂಪದಲ್ಲಿ ಊರಿಗೆ ಊರೇ ಕುಸಿದಾಗ, ಹೈಟಿಯವರು ಹಿಂದೆ ಸೈತಾನನ ಜೊತೆ ಒಪ್ಪಂದ ಮಾಡಿಕೊಂಡಿದ್ದರು ಎಂದು ಅಮೆರಿಕದ ಟಿ.ವಿ. ಬೋಧಕ ಪ್ಯಾಟ್ ರಾಬರ್ಟ್‌ಸನ್ ಹೇಳಿದರು. ಅದೇ ವರ್ಷ ಕಾಲರಾ ಹರಡಿದಾಗ, ಮಾಟ ಮಾಡಿ ರೋಗ ತಂದರೆಂದು ಆರೋಪಿಸಿ ಉದ್ರಿಕ್ತ ಗುಂಪುಗಳು ಹಲವು ವೊಡು ಪುರೋಹಿತರನ್ನು ಕೊಂದುಹಾಕಿದವು.

ನಮಗೆ ತಮಾಷೆಯ ಮಾತಾಗಿರುವುದು ಅಲ್ಲಿ ಜೀವ ತೆಗೆದಿದೆ. ಎಲ್ಲವನ್ನೂ ಕಸಿದುಕೊಂಡ ಮೇಲೂ ಒಂದು ಜನಾಂಗ ಕಾಪಾಡಿಕೊಂಡ ಆಸ್ತಿ ಅದು. ಹೆಸರು ಹೇಳುವಾಗಲಾದರೂ ಸ್ವಲ್ಪ ಗೌರವವಿರಲಿ.