ನೆಗಡಿಯ ಬೆನ್ನಿಗೇ ಉಬ್ಬಸವೇಕೆ?



"ನೆಗಡಿ ತಾನೇ, ತಾನಾಗಿಯೇ ಹೋಗುತ್ತದೆ" ಎನ್ನುವುದು ನಮ್ಮೆಲ್ಲರ ಮನೆಯ ಮಾತು. ಆದರೆ ನಿಮ್ಮಲ್ಲಿ ಉಬ್ಬಸ, ಅಂದರೆ ಅಸ್ತಮಾ ಇರುವವರಿಗೆ ಅದೇ ನೆಗಡಿ ಎದೆಗಿಳಿದು ರಾತ್ರಿಯೆಲ್ಲ ಎದ್ದು ಕೂರುವಂತೆ ಮಾಡುತ್ತದೆ. ಇಂಗ್ಲೆಂಡಿನ ಸೌತಾಂಪ್ಟನ್ ಸುತ್ತಮುತ್ತ ನಡೆದು 1995ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶಾಲಾಮಕ್ಕಳ ಉಬ್ಬಸ ಕೆರಳಿದಾಗ ನೂರಕ್ಕೆ 80ರಿಂದ 85ರಷ್ಟು ಸಲ ವೈರಸ್ ಪತ್ತೆಯಾಯಿತು. ಹೆಚ್ಚಿನವು ನೆಗಡಿ ತರುವ ರೈನೋವೈರಸ್‌ಗಳೇ.

ಒಳಗೆ ನಡೆಯುವುದೇನು? ಶ್ವಾಸನಾಳದ ಒಳಗೋಡೆಗೆ ಜೀವಕೋಶಗಳ ಹಾಸು ಇದೆ. ಅನೇಕ ರೈನೋವೈರಸ್‌ಗಳು ಆ ಕೋಶಗಳ ಮೇಲಿನ ಐಕ್ಯಾಮ್-1 ಎಂಬ ಪ್ರೋಟೀನನ್ನು ಹಿಡಿದು ಒಳನುಗ್ಗುತ್ತವೆ. ಆರೋಗ್ಯವಂತ ಕೋಶ ಕೂಡಲೇ ಇಂಟರ್‌ಫೆರಾನ್ ತಯಾರಿಸಿ ವೈರಸ್ಸನ್ನು ತಡೆಯುತ್ತದೆ. ಉಬ್ಬಸವಿರುವ ಹಲವರಲ್ಲಿ ಈ ಕಾವಲು ದುರ್ಬಲ, ಇಲ್ಲವೇ ತಡ. ಜೊತೆಗೆ, ಪೆಟ್ಟು ತಿಂದ ಕೋಶಗಳು ಐಎಲ್-33, ಟಿಎಸ್ಎಲ್‌ಪಿ ಎಂಬ ಅಪಾಯದ ಸಂಕೇತಗಳನ್ನು ಹೊರಬಿಡುತ್ತವೆ. ಇದರಿಂದ ಎಚ್ಚೆತ್ತ ರಕ್ಷಕ ಕೋಶಗಳು ಎರಡು ಕೆಲಸ ಮಾಡುತ್ತವೆ: ಐಎಲ್-5 ಕಳಿಸಿ ಇಯೋಸಿನೋಫಿಲ್ ಎಂಬ ಬಿಳಿರಕ್ತಕಣಗಳನ್ನು ಹೆಚ್ಚಿಸುತ್ತವೆ, ಐಎಲ್-13 ಕಳಿಸಿ ಕಫ ಹೆಚ್ಚಿಸುತ್ತವೆ. ನಾಳ ಊದಿಕೊಳ್ಳುತ್ತದೆ, ಸುತ್ತಲಿನ ಸ್ನಾಯು ಬಿಗಿಯುತ್ತದೆ, ಉಸಿರು ಸಿಕ್ಕಿಕೊಳ್ಳುತ್ತದೆ.

ಮಳೆ ನಿಂತರೂ ಮರದ ಹನಿ ನಿಲ್ಲದು. ಮೂಗು ಸೋರುವುದು ನಿಂತ ಮೇಲೂ ಈ ಊತ ಉಳಿಯಬಹುದು. ಸಾಲ್ಬುಟಮಾಲ್ ಇನ್ಹೇಲರ್ ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ, ಊತವನ್ನು ಇಳಿಸುವುದಿಲ್ಲ. ಅದಕ್ಕೆ ಬೇಕಾದದ್ದು ಸ್ಟೀರಾಯ್ಡ್ ಇರುವ ಇನ್ಹೇಲರ್. ಹದಿಹರೆಯದವರೂ ದೊಡ್ಡವರೂ ಕೇವಲ ಸಾಲ್ಬುಟಮಾಲನ್ನೇ ನಂಬಿಕೊಂಡಿರಬಾರದೆಂದು ಉಬ್ಬಸದ ಜಾಗತಿಕ ಮಾರ್ಗಸೂಚಿಯಾದ ಗೀನಾ 2019ರಿಂದ ಹೇಳುತ್ತಿದೆ. ಆಂಟಿಬಯಾಟಿಕ್ ಮಾತ್ರೆ ವೈರಸ್ಸನ್ನು ಕೊಲ್ಲುವುದಿಲ್ಲ ಎಂಬುದೂ ನೆನಪಿರಲಿ.

ಕಾಲೇಜು, ಆಫೀಸುಗಳಲ್ಲಿ ಗೆಳೆಯರೆದುರು ಇನ್ಹೇಲರ್ ತೆಗೆಯಲು ನಿಮ್ಮಲ್ಲಿ ಕೆಲವರಿಗೆ ಸಂಕೋಚ. ಕನ್ನಡಕ ಹಾಕಿಕೊಳ್ಳಲು ನಾಚದವರು ಇದಕ್ಕೇಕೆ ನಾಚಬೇಕು? "ಈಗ ಚೆನ್ನಾಗಿದ್ದೇನಲ್ಲ" ಎಂದು ವೈದ್ಯರು ಕೊಟ್ಟ ಔಷಧಿಯನ್ನು ನೀವಾಗಿಯೇ ನಿಲ್ಲಿಸಬೇಡಿ. ನೆಗಡಿ ಶುರುವಾದರೆ ಏನು ಮಾಡಬೇಕೆಂದು ವೈದ್ಯರಿಂದ ಮೊದಲೇ ಬರೆಸಿಟ್ಟುಕೊಳ್ಳಿ. ಒಂದು ವಾಕ್ಯ ಪೂರ್ತಿ ಆಡಲಾಗದಷ್ಟು ಏದುಸಿರು ಬಂದರೆ, ತುಟಿ ನೀಲಿಗಟ್ಟಿದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ.