ಹಳೆಯ ನ್ಯಾಯದ ಮಾತು, ಇಂದಿನ ಮಗಳ ಪಾಲು

‘ವ್ಯವಹಾರ’ ಎಂದೊಡನೆ ನಮ್ಮ ಮನಸ್ಸು ಅಂಗಡಿ, ಬ್ಯಾಂಕು, ಕೊಡುಕೊಳ್ಳುವಿಕೆಗಳತ್ತ ಹರಿಯುತ್ತದೆ. ಯಾಜ್ಞವಲ್ಕ್ಯಸ್ಮೃತಿಯಲ್ಲಾದರೋ ಅದಕ್ಕೆ ನ್ಯಾಯಸಭೆಯ ಮುಂದಿನ ವ್ಯಾಜ್ಯವೆಂದು ಅರ್ಥ. ಆಚಾರ, ವ್ಯವಹಾರ, ಪ್ರಾಯಶ್ಚಿತ್ತವೆಂಬ ಅದರ ಮೂರು ಅಧ್ಯಾಯಗಳಲ್ಲಿ ನಡುವಣದು ನ್ಯಾಯವಿಚಾರಕ್ಕೇ ಮೀಸಲು.

ಈ ಸ್ಮೃತಿಗೆ ವಿಜ್ಞಾನೇಶ್ವರನು ಬರೆದ ವ್ಯಾಖ್ಯಾನವೇ ‘ಮಿತಾಕ್ಷರಾ’. ಕ್ರಿ.ಶ. 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಲ್ಯಾಣ, ಇಂದಿನ ಬಸವಕಲ್ಯಾಣ, ಈ ಗ್ರಂಥದ ತವರು. ಬಂಗಾಳ, ಅಸ್ಸಾಮುಗಳನ್ನು ಬಿಟ್ಟರೆ ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆಗೆ ಇದೇ ಆಧಾರವಾಯಿತು.

‘ಸಪಿಂಡ’ ಎಂಬ ಮಾತನ್ನು ನೋಡಿ. ಬಂಗಾಳದ ಜೀಮೂತವಾಹನನಿಗೆ ಪಿಂಡವೆಂದರೆ ಪಿತೃಗಳಿಗಿಡುವ ಅನ್ನದ ಉಂಡೆ. ವಿಜ್ಞಾನೇಶ್ವರನಿಗಾದರೋ ಅದು ಶರೀರ. ಒಂದೇ ದೇಹದ ಅಂಶವನ್ನು ಹಂಚಿಕೊಂಡವರು ಸಪಿಂಡರು. ಅಲ್ಲಿ ಶ್ರಾದ್ಧದ ನಂಟು, ಇಲ್ಲಿ ರಕ್ತದ ನಂಟು. ಯಾರು ವಾರಸುದಾರರೆಂಬುದು ಈ ಒಂದು ಪದದ ಅರ್ಥವನ್ನು ಅವಲಂಬಿಸಿತ್ತು.

ಇನ್ನು ‘ದಾಯ’. ಒಡೆಯನೊಡನಿರುವ ಸಂಬಂಧ ಒಂದರಿಂದಲೇ ಇನ್ನೊಬ್ಬರದಾಗುವ ಸ್ವತ್ತು ಅದು. ನಮ್ಮ ಮನೆಮಾತಿನ ‘ದಾಯಾದಿ’ಯ ಮೂಲವೂ ಇದೇ. ವಿಜ್ಞಾನೇಶ್ವರನು ದಾಯವನ್ನು ಎರಡಾಗಿ ವಿಂಗಡಿಸಿದನು. ತಂದೆ, ಅಜ್ಜಂದಿರ ಸ್ವತ್ತಿನಲ್ಲಿ ಮಕ್ಕಳು ಮೊಮ್ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕುಂಟು. ನಡುವೆ ತಡೆಯಿಲ್ಲದ್ದರಿಂದ ಅದು ‘ಅಪ್ರತಿಬಂಧ’. ಚಿಕ್ಕಪ್ಪನ ಅಥವಾ ಸೋದರನ ಸ್ವತ್ತಾದರೆ ಅವರು ಬದುಕಿರುವುದೂ ಅವರಿಗೆ ಮಕ್ಕಳಿರುವುದೂ ಅಡ್ಡಿ. ಆದ್ದರಿಂದ ಅದು ‘ಸಪ್ರತಿಬಂಧ’.

ಹುಟ್ಟಿನ ಈ ಹಕ್ಕು ಬಹುಕಾಲ ಗಂಡುಮಕ್ಕಳದಾಗಿಯೇ ಉಳಿಯಿತು. 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೂ ಅದನ್ನು ನೀಡಿತು. ಆಗ ಸಂದೇಹವೊಂದು ತಲೆಯೆತ್ತಿತು: ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ಕ್ಕೆ ಮೊದಲೇ ತಂದೆ ತೀರಿಕೊಂಡಿದ್ದರೆ ಮಗಳಿಗೆ ಪಾಲುಂಟೆ? ಇಲ್ಲವೆಂದಿತು ಸರ್ವೋಚ್ಚ ನ್ಯಾಯಾಲಯದ 2015ರ ತೀರ್ಪು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಮೊಕದ್ದಮೆಯಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವು ಅದನ್ನು ತಳ್ಳಿಹಾಕಿತು. ಅವಿಭಕ್ತ ಕುಟುಂಬದ ಪಿತ್ರಾರ್ಜಿತವು ಅಪ್ರತಿಬಂಧ ದಾಯ. ಹಕ್ಕು ಹುಟ್ಟಿನಿಂದ ಬರುವುದರಿಂದ ಆ ದಿನ ತಂದೆ ಬದುಕಿರಬೇಕೆಂಬ ನಿಯಮ ಸಲ್ಲದು ಎಂದಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ಕ್ರಮವಾಗಿ ಮುಗಿದ ವಿಭಾಗಗಳನ್ನು ಮತ್ತೆ ಕೆದಕುವಂತಿಲ್ಲ.

ಒಂಬೈನೂರು ವರ್ಷಗಳ ಹಿಂದೆ ಕಲ್ಯಾಣದಲ್ಲಿ ವಿವರಿಸಿದ ಮಾತು, ಅದನ್ನು ಬರೆದಾತನು ಎಣಿಸದಿದ್ದ ಹೆಣ್ಣುಮಕ್ಕಳ ನೆರವಿಗೆ ಬಂದಿತು. ಮನೆಯ ಹಳೆಯ ವಿಭಾಗಪತ್ರವೊಂದು ಕೈಗೆ ಸಿಕ್ಕಿದಾಗ, ಅರ್ಥವಾಗದ ಪದವನ್ನು ದಾಟಿಹೋಗದೆ ತಿಳಿದವರನ್ನು ಕೇಳುವುದು ಲೇಸು. ಯಾರದೋ ಪಾಲು ಅದರೊಳಗೆ ಅಡಗಿದ್ದೀತು.